ದೊಡ್ಡ ಬಿಳಿ ಶಾರ್ಕ್: ಅವಸರವಿಲ್ಲದೆ ಬೆಳೆಯುವ ಬೇಟೆಗಾರ

(ಶಾಲಾ ಮಕ್ಕಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.)

ಎಳೆಯ ಗೆಳೆಯರೇ,

ದೊಡ್ಡ ಬಿಳಿ ಶಾರ್ಕ್ ಎಂದ ಕೂಡಲೇ ನಿಮ್ಮಲ್ಲಿ ಬಹುತೇಕರ ಕಣ್ಣ ಮುಂದೆ ಬರುವುದು ತೆರೆದ ಬಾಯಿ ಮತ್ತು ಅದರೊಳಗಿನ ಹಲ್ಲುಗಳ ಸಾಲು. ಆ ಬಾಯಿಯ ಬಗ್ಗೆಯೂ ಇವತ್ತು ಮಾತನಾಡುತ್ತೇನೆ, ಆದರೆ ಅದು ನನ್ನ ಮುಖ್ಯ ವಿಷಯವಲ್ಲ. ಈ ಪ್ರಾಣಿ ಎಲ್ಲಿ ಹುಟ್ಟುತ್ತದೆ, ಹುಟ್ಟುವ ಮೊದಲು ಏನನ್ನು ತಿನ್ನುತ್ತದೆ, ಮರಿಯಾಗಿದ್ದಾಗ ಎಲ್ಲಿರುತ್ತದೆ, ಎಷ್ಟು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ, ಎಷ್ಟು ಕಾಲ ಬದುಕುತ್ತದೆ ಎಂಬುದನ್ನು ಹೇಳುವುದು ನನ್ನ ಉದ್ದೇಶ. ಇದನ್ನೆಲ್ಲ ಓದುತ್ತಾ ಹೋದಂತೆ ನನಗೆ ಎದ್ದು ಕಂಡ ಸಂಗತಿಯೊಂದಿದೆ. ಬೇಟೆಯೊಂದನ್ನು ಬಿಟ್ಟರೆ ಈ ಪ್ರಾಣಿ ತನ್ನ ಬದುಕಿನ ಯಾವ ಕೆಲಸವನ್ನೂ ಬೇಗ ಮುಗಿಸುವುದಿಲ್ಲ. ಮುಂದೆ ನಾನು ಹೇಳುವುದೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಈ ನಿಧಾನಕ್ಕೇ ಸಂಬಂಧಿಸಿದ್ದು.

ಮೊದಲು ಪ್ರಾಣಿಯ ಪರಿಚಯ. ಶಾರ್ಕ್ ಒಂದು ಮೀನು. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕಿವಿರುಗಳ ಮೂಲಕ ಪಡೆದು ಅದು ಉಸಿರಾಡುತ್ತದೆ. ಆದರೆ ಅದರ ಮೈಯಲ್ಲಿ ಗಟ್ಟಿ ಮೂಳೆಗಳಿಲ್ಲ. ಅಸ್ಥಿಪಂಜರವೆಲ್ಲ ಮೃದ್ವಸ್ಥಿಯಿಂದ, ಅಂದರೆ ನಮ್ಮ ಕಿವಿಯ ಹಾಲೆಯ ಮೇಲ್ಭಾಗವನ್ನು ಮುಟ್ಟಿದರೆ ಸಿಗುವಂಥ ಬಾಗುವ ವಸ್ತುವಿನಿಂದ ಆಗಿದೆ. ಇತರ ಅನೇಕ ಮೀನುಗಳಿಗೆ ತೇಲಲು ನೆರವಾಗುವ ಗಾಳಿಚೀಲ ಇದಕ್ಕಿಲ್ಲ. ಅದರ ಬದಲು ಎಣ್ಣೆ ತುಂಬಿದ ಬಹಳ ದೊಡ್ಡ ಯಕೃತ್ತು ಇದ್ದು, ನೀರಿಗಿಂತ ಹಗುರವಾದ ಆ ಎಣ್ಣೆ ಮೈಭಾರವನ್ನು ಸ್ವಲ್ಪ ಮಟ್ಟಿಗೆ ಎತ್ತಿ ಹಿಡಿಯುತ್ತದೆ. ಬಾಯಿಯ ಮೂಲಕ ನೀರು ಕಿವಿರುಗಳತ್ತ ಹರಿಯುತ್ತಲೇ ಇರಬೇಕಾದ್ದರಿಂದ ಇದು ಹುಟ್ಟಿದ ಕ್ಷಣದಿಂದ ಸಾಯುವವರೆಗೆ ಈಜುತ್ತಲೇ ಇರಬೇಕು. ಬೆನ್ನಿನ ಬಣ್ಣ ಬೂದು, ಹೊಟ್ಟೆಯ ಬಣ್ಣ ಬಿಳಿ. ಮೇಲಿನಿಂದ ನೋಡಿದರೆ ಬೆನ್ನು ಕತ್ತಲ ನೀರಿನಲ್ಲಿ ಬೆರೆತುಹೋಗುತ್ತದೆ. ಕೆಳಗಿನಿಂದ ನೋಡಿದರೆ ಹೊಟ್ಟೆ ಬೆಳಕಿನ ನೀರಿನಲ್ಲಿ ಬೆರೆತುಹೋಗುತ್ತದೆ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದ ಎರಡೂ ಕರಾವಳಿಗಳು, ಮೆಕ್ಸಿಕೋ, ಜಪಾನ್ ಮತ್ತು ಮೆಡಿಟರೇನಿಯನ್ ಸಮುದ್ರಗಳಲ್ಲಿ ಇದು ಕಂಡುಬರುತ್ತದೆ.

ಈಗ ಗರ್ಭದೊಳಗೆ ಹೋಗೋಣ. ನನ್ನ ಅಭಿಪ್ರಾಯದಲ್ಲಿ ಈ ಶಾರ್ಕಿನ ಬದುಕಿನಲ್ಲಿ ಅತ್ಯಂತ ವಿಸ್ಮಯದ ಕಾಲ ಅದೇ, ಬೇಟೆಯ ಕಾಲವಲ್ಲ.

ಹೆಚ್ಚಿನ ಮೀನುಗಳು ನೀರಿನಲ್ಲಿ ಮೊಟ್ಟೆಯಿಟ್ಟು ಮುಂದೆ ಹೋಗುತ್ತವೆ. ಒಂದು ದೊಡ್ಡ ಕಾಡ್ ಮೀನು ಒಂದು ಋತುವಿನಲ್ಲಿ ಲಕ್ಷಾಂತರ ಮೊಟ್ಟೆಗಳನ್ನಿಡುತ್ತದೆ, ಅವುಗಳಲ್ಲಿ ಬಹುಪಾಲು ಯಾರದ್ದಾದರೂ ಹೊಟ್ಟೆ ಸೇರುತ್ತವೆ. ಬಿಳಿ ಶಾರ್ಕ್ ಈ ದಾರಿ ಹಿಡಿದಿಲ್ಲ. ಅದರ ಮೊಟ್ಟೆಗಳು ತಾಯಿಯ ಗರ್ಭದೊಳಗೇ ಒಡೆದು, ಮರಿಗಳು ಅಲ್ಲಿಯೇ ಬೆಳೆಯುತ್ತವೆ. ತಾಯಿಯೊಂದಿಗೆ ಅವುಗಳನ್ನು ಜೋಡಿಸುವ ಹೊಕ್ಕುಳಬಳ್ಳಿ ಇರುವುದಿಲ್ಲ. ಮೊಟ್ಟೆಯೊಳಗಿನ ಹಳದಿ ಲೋಳೆ ಬೇಗನೆ ಮುಗಿದುಹೋಗುತ್ತದೆ. ಹಾಗಿದ್ದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಗರ್ಭದಲ್ಲಿರುವ ಮರಿಗೆ ಊಟ ಎಲ್ಲಿಂದ ಬರಬೇಕು?

ಉತ್ತರ ಎರಡು ಹಂತಗಳಲ್ಲಿದೆ. ಜಪಾನಿನ ಓಕಿನಾವಾದ ಬಳಿ ಮೀನುಬಲೆಗೆ ಸಿಕ್ಕಿದ್ದ ಗರ್ಭಿಣಿ ಶಾರ್ಕ್ ಒಂದನ್ನು ಪರೀಕ್ಷಿಸಿದ ಸಂಶೋಧಕರು, ಗರ್ಭಕೋಶದ ಒಳಪದರವು ಕೊಬ್ಬಿನಿಂದ ಕೂಡಿದ, ಹಾಲಿನಂಥ ದ್ರವವನ್ನು ಸ್ರವಿಸುತ್ತದೆ ಎಂದು 2016ರಲ್ಲಿ ಪ್ರಕಟಿಸಿದರು. ಗರ್ಭಾವಸ್ಥೆಯ ಆರಂಭದಲ್ಲಿ ಮರಿಗಳು ಈ ದ್ರವವನ್ನು ಕುಡಿದು ಬೆಳೆಯುತ್ತವೆ. ಆಮೇಲೆ ಎರಡನೆಯ ಹಂತ. ತಾಯಿಯ ಅಂಡಾಶಯವು ಫಲಿತವಾಗದ ಮೊಟ್ಟೆಗಳನ್ನು ಒಂದರ ಹಿಂದೆ ಒಂದರಂತೆ ಗರ್ಭಕ್ಕೆ ಕಳುಹಿಸುತ್ತಾ ಹೋಗುತ್ತದೆ, ಮರಿಗಳು ಅವುಗಳನ್ನು ನುಂಗುತ್ತವೆ. ಒಂದು ಹಂತದಲ್ಲಿ ಮರಿ ಎಷ್ಟು ಲೋಳೆಯನ್ನು ನುಂಗಿರುತ್ತದೆ ಎಂದರೆ ಅದರ ಹೊಟ್ಟೆ ಮೈಯ ಉಳಿದ ಭಾಗವನ್ನೆಲ್ಲ ಮೀರಿ ಉಬ್ಬಿಕೊಂಡು, ತಲೆ ಮತ್ತು ಬಾಲ ಆ ಉಬ್ಬಿಗೆ ಅಂಟಿಸಿದಂತೆ ಕಾಣುತ್ತವೆ. ತಿಂಗಳುಗಳು ಕಳೆದಂತೆ ಆ ದಾಸ್ತಾನು ಕರಗಿ ಮಾಂಸಖಂಡವಾಗುತ್ತದೆ ಮತ್ತು ಯಕೃತ್ತಿನ ಎಣ್ಣೆಯಾಗುತ್ತದೆ. ಇನ್ನೊಂದು ವಿವರ: ಗರ್ಭದಲ್ಲಿರುವಾಗಲೇ ಮರಿಗಳಿಗೆ ಪುಟ್ಟ ಹಲ್ಲುಗಳು ಮೂಡಿ ಉದುರುತ್ತವೆ, ಉದುರಿದ ಹಲ್ಲುಗಳನ್ನೂ ಅವು ನುಂಗುತ್ತವೆ. ಮರಿಗಳ ಜಠರವನ್ನು ಸೀಳಿ ನೋಡಿದವರಿಗೆ ಅಲ್ಲಿ ಹಲ್ಲುಗಳು ಸಿಕ್ಕಿವೆ.

“ಗರ್ಭದಲ್ಲಿ ಅವು ಒಂದನ್ನೊಂದು ತಿನ್ನುವುದಿಲ್ಲವೇ?” ಎಂದು ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು. ಅವಳು ಎಲ್ಲೋ ಓದಿದ್ದು ಸರಿಯಾಗಿಯೇ ಇತ್ತು, ಆದರೆ ಅದು ಬೇರೊಂದು ಶಾರ್ಕಿನ ಕಥೆ. ಸ್ಯಾಂಡ್ ಟೈಗರ್ ಎಂಬ ಶಾರ್ಕಿನಲ್ಲಿ ಗರ್ಭದೊಳಗೆ ಮೊದಲು ಬಲಿತ ಮರಿ ತನ್ನ ಒಡಹುಟ್ಟುಗಳನ್ನೇ ತಿಂದುಬಿಡುತ್ತದೆ. ಕೊನೆಗೆ ಎರಡು ಗರ್ಭಕೋಶಗಳಲ್ಲಿ ಒಂದೊಂದೇ ಮರಿ ಉಳಿಯುತ್ತದೆ. ಬಿಳಿ ಶಾರ್ಕಿನಲ್ಲಿ ಹಾಗಾಗುವುದಕ್ಕೆ ಸಾಕ್ಷ್ಯ ಸಿಕ್ಕಿಲ್ಲ. ಸುಮಾರು ಒಂದೇ ಗಾತ್ರದ ಹಲವು ಮರಿಗಳು ಒಟ್ಟಿಗೆ ಬೆಳೆದಿರುವುದೇ ಅಲ್ಲಿ ಕಂಡುಬಂದಿದೆ. ನ್ಯೂಜಿಲೆಂಡಿನಲ್ಲಿ 1991ರಲ್ಲಿ ಸಿಕ್ಕ ಗರ್ಭಿಣಿಯೊಂದರ ಒಡಲಲ್ಲಿ ಹೆರಿಗೆಗೆ ಹತ್ತಿರವಾಗಿದ್ದ ಏಳು ಮರಿಗಳಿದ್ದವು. ಸಾಮಾನ್ಯವಾಗಿ ಒಂದು ಸೂಲಿಗೆ ಎರಡರಿಂದ ಹತ್ತರವರೆಗೆ ಮರಿಗಳಾಗುತ್ತವೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಲಕ್ಷಾಂತರ ಮೊಟ್ಟೆಗಳ ಎದುರಿಗೆ ಈ ಹತ್ತನ್ನು ಇಟ್ಟು ನೋಡಿ. ತಾಯಿ ಕೆಲವೇ ಮರಿಗಳ ಮೇಲೆ ತನ್ನ ಶಕ್ತಿಯನ್ನೆಲ್ಲ ಹಾಕಿ, ಹುಟ್ಟಿದ ದಿನವೇ ತಮ್ಮ ಪಾಡಿಗೆ ತಾವು ಬದುಕಬಲ್ಲಷ್ಟು ದೊಡ್ಡದಾಗಿ ಅವುಗಳನ್ನು ಹೊರಗೆ ಬಿಡುತ್ತದೆ.

ಹುಟ್ಟುವಾಗ ಮರಿಯ ಉದ್ದ 1.2ರಿಂದ 1.5 ಮೀಟರ್. ನಿಮ್ಮಲ್ಲಿ ಕೆಲವರ ಎತ್ತರಕ್ಕೆ ಅದು ಸಮ. ಹೆರಿಗೆಯ ನಂತರ ತಾಯಿ ಮರಿಗಳನ್ನು ಕಾಯುವುದಿಲ್ಲ, ಉಣಿಸುವುದಿಲ್ಲ, ದಾರಿ ತೋರಿಸುವುದೂ ಇಲ್ಲ. ಕಾಡಿನ ಹುಲಿಯ ಬಾಣಂತನವನ್ನು ನೋಡಿದವರಿದ್ದಾರೆ, ಆದರೆ ಬಿಳಿ ಶಾರ್ಕಿನ ಹೆರಿಗೆಯನ್ನು ಸಮುದ್ರದಲ್ಲಿ ಕಣ್ಣಾರೆ ಕಂಡು ದಾಖಲಿಸಿದವರಿಲ್ಲ. ಅದಕ್ಕೆ ತೀರ ಹತ್ತಿರ ಬಂದ ದಾಖಲೆ 2023ರ ಜುಲೈ ತಿಂಗಳಿನದು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಸಮೀಪದ ಕಡಲಲ್ಲಿ ಚಿತ್ರಗ್ರಾಹಕ ಕಾರ್ಲೋಸ್ ಗಾವ್ನಾ ಮತ್ತು ಸಂಶೋಧಕ ಫಿಲಿಪ್ ಸ್ಟರ್ನ್ಸ್ ಹಾರಿಬಿಟ್ಟ ಡ್ರೋನ್, ಸುಮಾರು 1.5 ಮೀಟರ್ ಉದ್ದದ ಮರಿಯೊಂದನ್ನು ಸೆರೆಹಿಡಿಯಿತು. ಮರಿಯ ಮೈ ಪೂರ್ತಿ ಬೆಳ್ಳಗಿತ್ತು. ಅದು ಈಜುತ್ತಿದ್ದಂತೆ ಆ ಬಿಳಿ ಪದರ ತೆಳುವಾಗಿ ಮೈಯಿಂದ ಕಳಚಿ ನೀರಿನಲ್ಲಿ ಬಿಡುತ್ತಿತ್ತು. ಅದು ಗರ್ಭದ ಆ ಹಾಲಿನಂಥ ದ್ರವದ ಉಳಿಕೆಯಾಗಿರಬಹುದು, ಮರಿ ಹುಟ್ಟಿ ಕೆಲವೇ ಗಂಟೆಗಳಾಗಿರಬಹುದು ಎಂದು ಅವರು 2024ರ ಜನವರಿಯಲ್ಲಿ ಪ್ರಕಟಿಸಿದ ಲೇಖನದಲ್ಲಿ ವಾದಿಸಿದರು. ಚರ್ಮದ ಯಾವುದೋ ತೊಂದರೆಯೂ ಆಗಿರಬಹುದು ಎಂಬ ಸಾಧ್ಯತೆಯನ್ನು ಅವರೇ ತೆರೆದಿಟ್ಟರು. ಒಳ್ಳೆಯ ವಿಜ್ಞಾನದ ಬರಹ ಹೀಗಿರಬೇಕು ಎಂದು ನನಗನ್ನಿಸಿತು.

ಮರಿಗಳು ಹುಟ್ಟಿದ ಮೇಲೆ ಆಳ ಸಮುದ್ರಕ್ಕೆ ಹೋಗದೆ, ತೀರದ ಹತ್ತಿರದ ಹದವಾದ ಬಿಸಿಯ ಆಳವಿಲ್ಲದ ನೀರಿನಲ್ಲಿ ಕೆಲವು ವರ್ಷ ಕಳೆಯುತ್ತವೆ. ವಿಜ್ಞಾನಿಗಳು ಇಂಥ ಜಾಗಗಳನ್ನು ನರ್ಸರಿ ಎಂದೇ ಕರೆಯುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಅದರ ಕೆಳಗಿನ ಮೆಕ್ಸಿಕೋದ ಬಾಹಾ ತೀರ, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್ ಕಡಲು, ಆಸ್ಟ್ರೇಲಿಯಾದ ಪೋರ್ಟ್ ಸ್ಟೀಫನ್ಸ್ ಮತ್ತು ಕಾರ್ನರ್ ಇನ್ಲೆಟ್ ಇಂಥ ಹೆಸರಾಂತ ನರ್ಸರಿಗಳು. ದೊಡ್ಡ ಶಾರ್ಕುಗಳು ಇಲ್ಲಿ ಕಡಿಮೆ, ತಿನ್ನಲು ಮೀನು ಧಾರಾಳ. ಈ ವಯಸ್ಸಿನಲ್ಲಿ ಅವುಗಳ ಊಟ ಸಣ್ಣ ಮೀನು, ತೊರಕೆ ಮೀನು ಮತ್ತು ಸ್ಕ್ವಿಡ್. ಸೀಲ್‌ಗಳ ಗೋಜಿಗೆ ಅವು ಹೋಗುವುದಿಲ್ಲ, ಹೋಗಲು ಬೇಕಾದ ಬಾಯಿಯೂ ಇನ್ನೂ ಬಂದಿರುವುದಿಲ್ಲ.

ಮರಿ ಎಷ್ಟು ತಿಂದರೆ ಎಷ್ಟು ಬೆಳೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶವೊಂದು 2004ರಲ್ಲಿ ಸಿಕ್ಕಿತು. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ, ಮೀನುಗಾರರ ಬಲೆಗೆ ಅಕಸ್ಮಾತ್ತಾಗಿ ಸಿಕ್ಕ ಹೆಣ್ಣು ಮರಿಯೊಂದನ್ನು ತನ್ನ ಬೃಹತ್ ತೊಟ್ಟಿಯಲ್ಲಿ 198 ದಿನ ಸಾಕಿತು. ಬಂದಾಗ ಸುಮಾರು 28 ಕಿಲೋ ಇದ್ದ ಮರಿ, 2005ರ ಮಾರ್ಚ್ ಕೊನೆಯಲ್ಲಿ ಸಮುದ್ರಕ್ಕೆ ಬಿಡುವ ಹೊತ್ತಿಗೆ 73 ಕಿಲೋ ದಾಟಿತ್ತು. ಅಷ್ಟರಲ್ಲಿ ಅದು ತೊಟ್ಟಿಯಲ್ಲಿದ್ದ ಬೇರೆ ಜಾತಿಯ ಎರಡು ಶಾರ್ಕುಗಳ ಸಾವಿಗೂ ಕಾರಣವಾಗಿತ್ತು, ಅದನ್ನು ಬಿಡುಗಡೆ ಮಾಡಲು ಅದೂ ಒಂದು ಕಾರಣ. ಆದರೆ ಈ ಅಂಕಿಯನ್ನು ನೋಡಿ ಬಿಳಿ ಶಾರ್ಕ್ ಬೇಗ ಬೆಳೆಯುತ್ತದೆ ಎಂದು ತಿಳಿಯಬೇಡಿ. ಊಟ ಹೇರಳವಾಗಿ ಸಿಕ್ಕಿದ ಎಳೆಯ ಮರಿಯೊಂದರ ತೂಕ ಅದು. ಕಡಲಿನಲ್ಲಿ ಎಳೆಯ ಶಾರ್ಕಿನ ಉದ್ದ ವರ್ಷಕ್ಕೆ ಸುಮಾರು 25ರಿಂದ 30 ಸೆಂಟಿಮೀಟರ್ ಹೆಚ್ಚುತ್ತದೆ, ವಯಸ್ಸಾದಂತೆ ಆ ವೇಗವೂ ಇಳಿಯುತ್ತದೆ.

ಮೈಯ ಉದ್ದ 3 ಮೀಟರಿನ ಆಸುಪಾಸಿಗೆ ಬಂದಾಗ ಬಾಯಿಯಲ್ಲಿ ದೊಡ್ಡ ಬದಲಾವಣೆ ಕಾಣಿಸಿಕೊಳ್ಳುತ್ತದೆ. ಮರಿಯ ಹಲ್ಲು ಕಿರಿದು ಮತ್ತು ಚೂಪು. ಜಾರುವ ಮೀನನ್ನು ಚುಚ್ಚಿ ಹಿಡಿದುಕೊಳ್ಳಲು ಅದು ತಕ್ಕದ್ದು. ದೊಡ್ಡ ಶಾರ್ಕಿನ ಮೇಲಿನ ಹಲ್ಲು ಅಗಲವಾದ ತ್ರಿಕೋನ. ಅದರ ಎರಡೂ ಅಂಚಿನ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಗರಗಸದ ಮುಳ್ಳುಗಳು ಒಂದರ ಪಕ್ಕ ಒಂದು ತಗಲುತ್ತವೆ. ಸೀಲ್‌ನ ದಪ್ಪ ಚರ್ಮವನ್ನೂ ಅದರ ಕೆಳಗಿನ ಕೊಬ್ಬನ್ನೂ ಕತ್ತರಿಸಲು ಬೇಕಾದದ್ದು ಈ ಅಂಚು. ಹಲ್ಲಷ್ಟೇ ಬದಲಾದರೆ ಸಾಲದು. ಎಳೆಯ ಶಾರ್ಕಿನ ದವಡೆಯ ಮೃದ್ವಸ್ಥಿಯಲ್ಲಿ ಖನಿಜಾಂಶ ಕಡಿಮೆ ಇರುವುದರಿಂದ ದೊಡ್ಡ ಪ್ರಾಣಿಯನ್ನು ಬಲವಾಗಿ ಕಚ್ಚುವ ಒತ್ತಡವನ್ನು ಅದು ತಡೆದುಕೊಳ್ಳಲಾರದು. ವಯಸ್ಸಿನೊಂದಿಗೆ ಖನಿಜ ಸೇರಿ ದವಡೆ ಗಟ್ಟಿಯಾಗುತ್ತದೆ. ಹೀಗೆ ಹಲ್ಲು ಮತ್ತು ದವಡೆ ಎರಡೂ ಸಿದ್ಧವಾದ ಮೇಲೆಯೇ ಅದು ಸೀಲ್, ಕಡಲಸಿಂಹ ಮುಂತಾದ ಸಸ್ತನಿಗಳ ಬೇಟೆಗೆ ಇಳಿಯುತ್ತದೆ. ಸತ್ತ ತಿಮಿಂಗಿಲ ತೇಲುತ್ತಿದ್ದರೆ ಅದನ್ನೂ ಬಿಡುವುದಿಲ್ಲ. ಹಲ್ಲುಗಳು ಉದುರಿದರೆ ಚಿಂತೆಯಿಲ್ಲ. ಮುಂದಿನ ಸಾಲಿನ ಹಿಂದೆ ಬದಲಿ ಹಲ್ಲುಗಳ ಸಾಲುಗಳು ಮಡಚಿಕೊಂಡು ಕಾಯುತ್ತಿರುತ್ತವೆ, ಜೀವನಪರ್ಯಂತ ಅವು ಒಂದೊಂದಾಗಿ ಮುಂದೆ ಬರುತ್ತಲೇ ಇರುತ್ತವೆ.

ಇಲ್ಲಿ ರಕ್ತದ ಬಗ್ಗೆಯೂ ಒಂದು ಮಾತು ಹೇಳಬೇಕು. ಹೆಚ್ಚಿನ ಮೀನುಗಳ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಬಿಳಿ ಶಾರ್ಕಿನ ಒಳಗೆ, ಕಿವಿರಿನಿಂದ ಬರುವ ತಣ್ಣನೆಯ ರಕ್ತದ ನಾಳಗಳು ಮಾಂಸಖಂಡದಿಂದ ಹೊರಡುವ ಬಿಸಿ ರಕ್ತದ ನಾಳಗಳಿಗೆ ತಾಗಿಕೊಂಡೇ ಹಾದುಹೋಗುತ್ತವೆ. ಹಾಗಾಗಿ ಬಿಸಿ ಹೊರಗೆ ಹೋಗದೆ ಮೈಯೊಳಗೇ ಉಳಿಯುತ್ತದೆ. ಜಠರದ ಬಿಸಿ ಸುತ್ತಲಿನ ನೀರಿಗಿಂತ 14 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಚ್ಚಿರುವುದುಂಟು. ಸೀಲ್‌ಗಳು ಗುಂಪುಗೂಡುವ ಚಳಿಯ ನೀರಿನಲ್ಲಿ ಚುರುಕಾಗಿ ಬೇಟೆಯಾಡಲು ಈ ಏರ್ಪಾಡು ನೆರವಾಗುತ್ತದೆ.

ಬೆಳೆದ ಶಾರ್ಕ್ ಒಂದೇ ಕರಾವಳಿಗೆ ಅಂಟಿಕೊಂಡಿರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಉಪಗ್ರಹಕ್ಕೆ ಮಾಹಿತಿ ಕಳುಹಿಸುವ ಟ್ಯಾಗ್‌ಗಳು ಬಂದ ಮೇಲೆ ಆ ನಂಬಿಕೆ ಉಳಿಯಲಿಲ್ಲ. 2003ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟ್ಯಾಗ್ ಹಾಕಿದ, ನಿಕೋಲ್ ಎಂದು ಹೆಸರಿಟ್ಟ ಹೆಣ್ಣು ಶಾರ್ಕ್ 99 ದಿನಗಳಲ್ಲಿ 11,000 ಕಿಲೋಮೀಟರ್ ದಾಟಿ ಪಶ್ಚಿಮ ಆಸ್ಟ್ರೇಲಿಯಾ ತಲುಪಿತು. 2004ರ ಆಗಸ್ಟಿನಲ್ಲಿ ಅದು ಮರಳಿ ದಕ್ಷಿಣ ಆಫ್ರಿಕಾದಲ್ಲಿತ್ತು. ಬೆನ್ನರೆಕ್ಕೆಯ ಹಿಂಬದಿಯ ಕಚ್ಚುಗಳು ಪ್ರತಿ ಶಾರ್ಕಿಗೂ ಬೇರೆಬೇರೆಯಾಗಿರುವುದರಿಂದ ಅದು ನಿಕೋಲ್ ಎಂದು ಗುರುತಿಸುವುದು ಸಾಧ್ಯವಾಯಿತು. ಕ್ಯಾಲಿಫೋರ್ನಿಯಾದ ಶಾರ್ಕುಗಳು ಪ್ರತಿವರ್ಷ ಹವಾಯಿ ಮತ್ತು ಬಾಹಾ ನಡುವಿನ ತೆರೆದ ಸಾಗರಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲಿರುತ್ತವೆ. ಸಂಶೋಧಕರು ಆ ಜಾಗಕ್ಕೆ ವೈಟ್ ಶಾರ್ಕ್ ಕೆಫೆ ಎಂದು ಹೆಸರಿಟ್ಟಿದ್ದಾರೆ. ಅಷ್ಟು ದೂರದ ಪ್ರಯಾಣಕ್ಕೆ ಇಂಧನ ಯಾವುದು ಎಂದರೆ ಯಕೃತ್ತಿನ ಎಣ್ಣೆಯೇ. ಎಣ್ಣೆ ಖರ್ಚಾದಂತೆ ತೇಲುವ ಶಕ್ತಿ ಕಡಿಮೆಯಾಗಿ, ಶಾರ್ಕ್ ಈಜದೆ ತೇಲಿ ಇಳಿಯುವಾಗ ಮೊದಲಿಗಿಂತ ಬೇಗ ಕೆಳಗೆ ಸರಿಯುತ್ತದೆ. ಟ್ಯಾಗ್‌ಗಳ ದಾಖಲೆಯಲ್ಲಿ ಈ ವ್ಯತ್ಯಾಸವನ್ನೇ ಅಳೆದು ಸಂಶೋಧಕರು ಎಣ್ಣೆಯ ಖರ್ಚನ್ನು ಲೆಕ್ಕ ಹಾಕಿದ್ದಾರೆ. ಉಪಾಯ ನನಗೆ ಬಹಳ ಹಿಡಿಸಿತು.

ಇನ್ನು ವಯಸ್ಸಿನ ಲೆಕ್ಕ. ಶಾರ್ಕಿನ ಬೆನ್ನುಹುರಿಯ ಸುತ್ತಲಿನ ಮಣಿಯೊಂದನ್ನು ತೆಳುವಾಗಿ ಕತ್ತರಿಸಿ ನೋಡಿದರೆ ಒಂದರ ಹೊರಗೊಂದು ಪಟ್ಟೆಗಳು ಕಾಣುತ್ತವೆ. ಅವುಗಳನ್ನು ಎಣಿಸಿ ಬಿಳಿ ಶಾರ್ಕ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ ಎಂದು ಹಿಂದೆ ಅಂದಾಜಿಸಲಾಗಿತ್ತು. ತೊಂದರೆ ಏನೆಂದರೆ ದೊಡ್ಡ ಶಾರ್ಕುಗಳಲ್ಲಿ ಹೊರಗಿನ ಪಟ್ಟೆಗಳು ಬಹಳ ತೆಳುವಾಗಿರುತ್ತವೆ, ಮತ್ತು ಒಂದು ಪಟ್ಟೆ ಎಂದರೆ ಒಂದೇ ವರ್ಷವೇ ಎಂಬುದು ಖಚಿತವಿರಲಿಲ್ಲ. ಇದನ್ನು ಬಗೆಹರಿಸಿದ್ದು, ನೀವು ಊಹಿಸಲಾರಿರಿ, ಅಣುಬಾಂಬು. 1950 ಮತ್ತು 60ರ ದಶಕಗಳಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣ ಒಮ್ಮೆಲೇ ಏರಿತು, ಅದು ಸಮುದ್ರಕ್ಕೂ ಇಳಿದು ಆಹಾರದ ಮೂಲಕ ಶಾರ್ಕಿನ ಮೈ ಸೇರಿತು. ಆ ಕಾಲದಲ್ಲಿ ಮೂಡಿದ ಪಟ್ಟೆ ಯಾವುದೆಂದು ತಿಳಿದರೆ ಉಳಿದವನ್ನು ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಬಹುದು. ವಾಯವ್ಯ ಅಟ್ಲಾಂಟಿಕ್‌ನ ಶಾರ್ಕುಗಳ ಮೇಲೆ ಹೀಗೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಅತಿ ಹಿರಿಯ ಗಂಡಿನ ವಯಸ್ಸು 73 ವರ್ಷ, ಹೆಣ್ಣಿನದು 40. ಮರುವರ್ಷ ಬಂದ ಇನ್ನೊಂದು ಅಧ್ಯಯನವು ಅದೇ ಕಡಲಿನ ಗಂಡುಗಳು ಸುಮಾರು 26ನೆಯ ವಯಸ್ಸಿಗೆ ಮತ್ತು ಹೆಣ್ಣುಗಳು ಸುಮಾರು 33ನೆಯ ವಯಸ್ಸಿಗೆ ಪ್ರಾಯಕ್ಕೆ ಬರುತ್ತವೆ ಎಂದು ಅಂದಾಜಿಸಿತು.

ಮೂವತ್ತಮೂರು ವರ್ಷ ಎಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಆ ಹೊತ್ತಿಗೆ ಹೆಣ್ಣಿನ ಉದ್ದ ನಾಲ್ಕೂವರೆ ಮೀಟರಿನಿಂದ ಐದು ಮೀಟರ್ ಆಗಿರುತ್ತದೆ. ಗಂಡು ಮೂರೂವರೆಯಿಂದ ನಾಲ್ಕು ಮೀಟರಿಗೇ ಬಲಿತಿರುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಮೀಟರಿಗೂ ಉದ್ದವಾದ ಹಲವು ಮರಿಗಳಿಗೆ ಅದರ ಒಡಲಲ್ಲಿ ಜಾಗ ಬೇಕು. ಅತಿ ದೊಡ್ಡ ಹೆಣ್ಣುಗಳು 6 ಮೀಟರ್ ಮುಟ್ಟುತ್ತವೆ. ಕೂಡುವ ಸಮಯದಲ್ಲಿ ಗಂಡು ಹೆಣ್ಣನ್ನು ಹಲ್ಲಿನಿಂದ ಹಿಡಿದುಕೊಳ್ಳುತ್ತದೆ ಎಂಬುದಕ್ಕೆ ಹೆಣ್ಣುಗಳ ತಲೆ ಮತ್ತು ಈಜುರೆಕ್ಕೆಯ ಬಳಿ ಕಾಣುವ ಕಚ್ಚಿದ ಗುರುತುಗಳೇ ಸಾಕ್ಷಿ. ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಬಳಿ ವರ್ಷಾನುಗಟ್ಟಲೆ ಶಾರ್ಕುಗಳನ್ನು ಗುರುತಿಸುತ್ತಾ ಬಂದವರಿಗೆ, ಗಂಡುಗಳು ಪ್ರತಿವರ್ಷ ಬರುತ್ತವೆ, ಬಲಿತ ಹೆಣ್ಣುಗಳು ಮಾತ್ರ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬರುತ್ತವೆ ಎಂದು ತಿಳಿದುಬಂತು. ನಡುವಿನ ಕಾಲವನ್ನು ಗರ್ಭ ಹೊತ್ತ ಹೆಣ್ಣುಗಳು ದೂರದ ಸಾಗರದಲ್ಲಿ ಕಳೆದು, ಹೆರಿಗೆಗೆ ತೀರದ ನರ್ಸರಿಗಳತ್ತ ಬರುತ್ತವೆ. ಅಂದರೆ ಮೂವತ್ತು ವರ್ಷ ಕಾದು ತಾಯಿಯಾಗುವ ಹೆಣ್ಣು, ಆಮೇಲೂ ಎರಡು ವರ್ಷಕ್ಕೊಮ್ಮೆ ಕೆಲವೇ ಮರಿಗಳನ್ನು ಹೆರುತ್ತದೆ.

“ಇದನ್ನು ತಿನ್ನುವವರು ಯಾರೂ ಇಲ್ಲವೇ?” ಎಂದು ಒಬ್ಬ ಹುಡುಗ ಕೇಳಿದ. ಇದ್ದಾರೆ. ಓರ್ಕಾ, ಅಂದರೆ ಕಪ್ಪು ಬಿಳುಪು ಬಣ್ಣದ ಆ ದೊಡ್ಡ ಡಾಲ್ಫಿನ್ ಜಾತಿಯ ಪ್ರಾಣಿ, ಬಿಳಿ ಶಾರ್ಕನ್ನು ಕೊಲ್ಲಬಲ್ಲದು. ಕ್ಯಾಲಿಫೋರ್ನಿಯಾದ ಫ್ಯಾರಲಾನ್ ದ್ವೀಪಗಳ ಬಳಿ 1997ರಲ್ಲಿ ಇದು ಜನರ ಕಣ್ಣೆದುರೇ ನಡೆಯಿತು. 2017ರಲ್ಲಿ ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ತೀರಕ್ಕೆ ಹಲವು ಶಾರ್ಕುಗಳ ಶವಗಳು ಬಂದು ಬಿದ್ದವು; ಬಹುತೇಕ ಶವಗಳಲ್ಲಿ ಉಳಿದ ಮಾಂಸ ಹಾಗೆಯೇ ಇದ್ದು ಎಣ್ಣೆ ತುಂಬಿದ ಯಕೃತ್ತು ಮಾತ್ರ ಕಾಣೆಯಾಗಿತ್ತು. ಅದಾದ ಮೇಲೆ ಉಳಿದ ಶಾರ್ಕುಗಳು ಆ ಕಡಲನ್ನೇ ಬಿಟ್ಟು ಬಹುಕಾಲ ದೂರ ಹೋದವು. ಇದೇ ಹುಡುಗ ಮನುಷ್ಯರನ್ನು ಅದು ಎಷ್ಟು ಕೊಲ್ಲುತ್ತದೆ ಎಂದೂ ಕೇಳಿದ. ಎಲ್ಲ ಜಾತಿಯ ಶಾರ್ಕುಗಳೂ ಸೇರಿ ಜಗತ್ತಿನಾದ್ಯಂತ ಒಂದು ವರ್ಷದಲ್ಲಿ ತಾವಾಗಿ ಕಚ್ಚುವುದು ಹತ್ತಾರು ಜನರನ್ನು, ಸಾಯುವವರು ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ. ಅದರಲ್ಲಿ ಬಿಳಿ ಶಾರ್ಕಿನ ಪಾಲು ದೊಡ್ಡದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಓರ್ಕಾಗಿಂತ ಹೆಚ್ಚು ಬಿಳಿ ಶಾರ್ಕುಗಳನ್ನು ಕೊಂದಿರುವುದು ಬಲೆ ಮತ್ತು ಗಾಳ. ಬೇರೆ ಮೀನಿಗೆ ಹಾಕಿದ ಬಲೆಯಲ್ಲಿ ನರ್ಸರಿಯ ಮರಿಗಳು ಸಿಕ್ಕಿಕೊಳ್ಳುತ್ತವೆ. ಈಜು ನಿಂತರೆ ಉಸಿರೂ ನಿಲ್ಲುವ ಪ್ರಾಣಿಯಾದ್ದರಿಂದ ಬಲೆಯಲ್ಲಿ ಅವು ಬಹಳ ಹೊತ್ತು ಬದುಕಲಾರವು. ದವಡೆ, ಹಲ್ಲು ಮತ್ತು ರೆಕ್ಕೆಗಳಿಗಾಗಿ ಬೇಟೆಯೂ ನಡೆದಿದೆ. ವರ್ಷಕ್ಕೆ ಲಕ್ಷಾಂತರ ಮೊಟ್ಟೆಯಿಡುವ ಮೀನು ಇಂಥ ನಷ್ಟವನ್ನು ಕೆಲವು ಋತುಗಳಲ್ಲಿ ತುಂಬಿಕೊಳ್ಳಬಹುದು, ಬಿಳಿ ಶಾರ್ಕಿಗೆ ಅದು ಸಾಧ್ಯವಿಲ್ಲ. ದಕ್ಷಿಣ ಆಫ್ರಿಕಾ 1991ರಲ್ಲಿ ಮೊದಲಾಗಿ ಇದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಕ್ಯಾಲಿಫೋರ್ನಿಯಾ 1994ರಲ್ಲಿ, ಅಮೆರಿಕದ ಅಟ್ಲಾಂಟಿಕ್ ಕರಾವಳಿ 1997ರಲ್ಲಿ ಅದೇ ದಾರಿ ಹಿಡಿದವು. 2004ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. ಅಮೆರಿಕದ ಕೇಪ್ ಕಾಡ್ ತೀರದಲ್ಲಿ, 1972ರ ಕಾನೂನಿನಿಂದ ಸೀಲ್‌ಗಳ ಸಂಖ್ಯೆ ಚೇತರಿಸಿಕೊಂಡ ಮೇಲೆ, ಬಿಳಿ ಶಾರ್ಕುಗಳು ಮತ್ತೆ ಪ್ರತಿ ಬೇಸಿಗೆಯಲ್ಲಿ ಕಾಣಿಸಿಕೊಳ್ಳುತ್ತಿವೆ.

ಅಟ್ಲಾಂಟಿಕ್‌ನ ಆ ರಕ್ಷಣೆ ಜಾರಿಗೆ ಬಂದ 1997ರಲ್ಲಿ ಲಾಂಗ್ ಐಲೆಂಡ್ ನರ್ಸರಿಯಲ್ಲಿ ಹೆಣ್ಣು ಮರಿಯೊಂದು ಹುಟ್ಟಿತೆಂದು ಇಟ್ಟುಕೊಳ್ಳಿ. ಆ 33 ವರ್ಷಗಳ ಅಂದಾಜಿನ ಪ್ರಕಾರ ಅದು ಪ್ರಾಯಕ್ಕೆ ಬರುವುದು 2030ರ ಹೊತ್ತಿಗೆ, ಗರ್ಭದ ಕಾಲವನ್ನೂ ಸೇರಿಸಿದರೆ ಅದರ ಮೊದಲ ಮರಿಗಳು ಹುಟ್ಟುವುದು 2031 ಅಥವಾ 2032ರಲ್ಲಿ.